ಉಸಿರಿನ ಕಾವಲು

1970ರ ದಶಕದಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ನಮ್ಮ ತಲೆಮಾರಿನವರ ಪೈಕಿ ಎದೆರೋಗಗಳ ಶಾಖೆಯನ್ನು ತಾವಾಗಿ ಬಯಸಿ ಹೋದವರು ತೀರ ವಿರಳ. ಬುದ್ಧಿವಂತರೆನಿಸಿಕೊಂಡವರು ಶಸ್ತ್ರಚಿಕಿತ್ಸೆಗೋ ಹೃದ್ರೋಗ ವಿಭಾಗಕ್ಕೋ ಸೇರುತ್ತಿದ್ದರು. ಮನೆಯಲ್ಲಿ ಅನುಕೂಲವುಳ್ಳವರು ಇಂಗ್ಲೆಂಡಿಗೆ ಹೊರಡುತ್ತಿದ್ದರು. ಎದೆರೋಗವೆಂದರೆ ಕ್ಷಯ, ಕ್ಷಯವೆಂದರೆ ಬಡತನ, ಬಡತನದ ರೋಗಕ್ಕೆ ವೈದ್ಯನಾದವನಿಗೆ ಕೀರ್ತಿಯೂ ಇಲ್ಲ, ಸಂಪಾದನೆಯೂ ಇಲ್ಲ ಎಂಬ ತೀರ್ಮಾನವು ವಿದ್ಯಾರ್ಥಿನಿಲಯದ ಊಟದ ಪಂಕ್ತಿಯಲ್ಲಿಯೇ ಆಗಿಹೋಗುತ್ತಿದ್ದಿತು. ಆ ಲೆಕ್ಕಾಚಾರವನ್ನು ಬಲ್ಲವನಾಗಿದ್ದರೂ ನಾನು ಅತ್ತ ಹೋದುದಕ್ಕೆ ಕಾರಣವು ನಮ್ಮ ಮನೆಯಲ್ಲಿಯೇ ಇದ್ದಿತು. ನಾನು ಹುಡುಗನಾಗಿದ್ದಾಗ ನನ್ನ ಚಿಕ್ಕಮ್ಮನಿಗೆ ಕ್ಷಯವು ತಗಲಿ, ಆಕೆಯು ಮೈಸೂರಿನ ಸ್ಯಾನಿಟೋರಿಯಮ್ಮಿನಲ್ಲಿ ಬಹುಕಾಲವಿದ್ದು ಗುಣಹೊಂದಿ ಹಿಂದಿರುಗಿದ್ದಳು. ರೋಗವು ವಾಸಿಯಾಯಿತೆಂದು ವೈದ್ಯರು ಸ್ಪಷ್ಟವಾಗಿ ಬರೆದುಕೊಟ್ಟಿದ್ದರೂ ನಮ್ಮ ಅಡುಗೆಮನೆಯ ಗೂಡಿನಲ್ಲಿ ಆಕೆಯ ತಟ್ಟೆಲೋಟಗಳು ಕಡೆಯವರೆಗೂ ಬೇರೆಯಾಗಿಯೇ ಉಳಿದವು. ಮಕ್ಕಳಾದ ನಾವು ಆಕೆಯ ಮಗ್ಗುಲಲ್ಲಿ ಕುಳಿತರೆ ಯಾರಾದರೊಬ್ಬರು ಏನಾದರೊಂದು ನೆಪದಿಂದ ನಮ್ಮನ್ನು ಒಳಕ್ಕೆ ಕರೆಯುತ್ತಿದ್ದರು. ರೋಗದ ಹೆಸರನ್ನು ಯಾರೂ ಉಚ್ಚರಿಸುತ್ತಿರಲಿಲ್ಲ, ‘ಆ ಕಾಯಿಲೆ’ ಎನ್ನುತ್ತಿದ್ದರು. ತನ್ನನ್ನು ದೂರವಿಟ್ಟವರ ವಿಚಾರವಾಗಿ ಆಕೆಯು ಒಂದು ಮಾತನ್ನೂ ಆಡಿದವಳಲ್ಲ. ಸ್ಯಾನಿಟೋರಿಯಮ್ಮಿನ ಮಾತು ಬಂದರೆ ಮಾತ್ರ ಆಕೆಯ ಮುಖವು ಅರಳುತ್ತಿದ್ದಿತು. ಅಲ್ಲಿಯ ದಾದಿಯೊಬ್ಬರು ನಡುರಾತ್ರಿಯಲ್ಲಿ ಸದ್ದಿಲ್ಲದೆ ಬಂದು, ತಾನು ಎಚ್ಚರವಾಗಿರುವೆನೋ ನಿದ್ರಿಸುತ್ತಿರುವೆನೋ ಎಂದು ನೋಡಿ, ಜಾರಿದ ಹೊದಿಕೆಯನ್ನು ಸರಿಪಡಿಸಿ ಹೋಗುತ್ತಿದ್ದುದನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಆ ದಾದಿಯು ಇದ್ದ ತಾಣವನ್ನು ಒಮ್ಮೆ ನೋಡಬೇಕೆಂಬ ಆಸೆಯು ನನ್ನಲ್ಲಿ ಬಾಲ್ಯದಿಂದಲೂ ಇದ್ದಿತು.

ಆ ಸ್ಯಾನಿಟೋರಿಯಮ್ಮು ಶೋಕದಿಂದ ಹುಟ್ಟಿದ ಸಂಸ್ಥೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ಕೃಷ್ಣಾಜಮ್ಮಣ್ಣಿಯವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯರೋಗವು ಬಲಿ ತೆಗೆದುಕೊಂಡಿತು. ರಾಜವೈಭವವಾಗಲಿ, ಅರಮನೆಯ ವೈದ್ಯರ ವಿದ್ಯೆಯಾಗಲಿ ತಡೆಯಲಾರದೆ ಹೋದ ಆ ಮರಣಗಳ ಸ್ಮರಣೆಗಾಗಿ 1921ರಲ್ಲಿ, ಊರಿನ ಗದ್ದಲಕ್ಕೆ ಹೊರತಾಗಿ, ಇಂದು ಕೃಷ್ಣರಾಜಸಾಗರಕ್ಕೆ ಹೋಗುವ ದಾರಿಯಲ್ಲಿ, ರಾಜಕುಮಾರಿಯ ಹೆಸರಿನಲ್ಲಿ ಆ ಆರೋಗ್ಯಧಾಮವು ಸ್ಥಾಪಿತವಾಯಿತು. ಅದನ್ನು ಕಟ್ಟಿದ ಕಾಲಕ್ಕೆ ಕ್ಷಯಕ್ಕೆ ಔಷಧವೆಂಬುದೇ ಇರಲಿಲ್ಲ. ಗಾಳಿ, ಬಿಸಿಲು, ಹಾಲು, ಮೊಟ್ಟೆ, ನಿಶ್ಚಲವಾದ ವಿಶ್ರಾಂತಿ ಇವುಗಳೇ ಚಿಕಿತ್ಸೆ. ರಾಬರ್ಟ್ ಕಾಖನು 1882ರ ಮಾರ್ಚಿ 24ರಂದು ಬರ್ಲಿನ್ನಿನಲ್ಲಿ ರೋಗಾಣುವನ್ನು ಪ್ರಕಟಪಡಿಸಿದ್ದರೂ, ಆ ಅಣುವನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ದೊರಕಲು ಲೋಕವು ಇನ್ನೂ ಅರವತ್ತು ವರ್ಷ ಕಾಯಬೇಕಾಯಿತು. ಆ ನಡುವಿನ ಕಾಲದಲ್ಲಿ ವೈದ್ಯನಾದವನು ಮಾಡಬಹುದಾಗಿದ್ದುದು ರೋಗಿಯ ದೇಹವೇ ರೋಗದೊಡನೆ ಹೋರಾಡಿ ಗೆಲ್ಲುವುದಕ್ಕೆ ಬೇಕಾದ ಕಾಲವನ್ನು ಒದಗಿಸಿಕೊಟ್ಟು, ಆ ಕಾಲದುದ್ದಕ್ಕೂ ಅವನನ್ನು ನೋಡಿಕೊಂಡಿರುವುದಷ್ಟೆ.

ನಾನು ಅಲ್ಲಿಗೆ ಹೋದಾಗ ಔಷಧಗಳು ಬಂದು ಬಹುಕಾಲವಾಗಿದ್ದಿತು. ಆದರೂ ಹಳೆಯ ಕಾಲದ ಗುರುತುಗಳು ಇನ್ನೂ ಅಳಿದಿರಲಿಲ್ಲ. ಪಕ್ಕೆಲುಬುಗಳನ್ನು ತೆಗೆಯಿಸಿಕೊಂಡು ಎದೆಯ ಒಂದು ಪಾರ್ಶ್ವವು ಕುಸಿದಿದ್ದ ವೃದ್ಧರು ಪರೀಕ್ಷೆಗೆ ಬರುತ್ತಿದ್ದರು. ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಡುವ ಸಲುವಾಗಿ ಎದೆಗೂಡಿನೊಳಕ್ಕೆ ಗಾಳಿಯನ್ನು ತುಂಬಿಸುತ್ತಿದ್ದ ಕಾಲವನ್ನು ಕಣ್ಣಾರೆ ಕಂಡ ಪರಿಚಾರಕರು ಇನ್ನೂ ಕೆಲಸದಲ್ಲಿದ್ದರು. ನಮ್ಮ ದಿನಗಳ ಚಿಕಿತ್ಸೆಯೆಂದರೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಐಸೊನಿಯಜಿಡ್ ಮತ್ತು ಥಯಾಸೆಟಝೋನ್ ಮಾತ್ರೆಗಳು. ಅವನ್ನು ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ತಪ್ಪದೆ ಸೇವಿಸಬೇಕು. ಕೆಲವರಿಗೆ ಮೈಯೆಲ್ಲ ಗಂಧೆ ಏಳುವುದು, ಕೆಲವರಿಗೆ ಕಿವಿ ಮಂದವಾಗುವುದು, ಕೆಲವರು ನಡೆಯುವಾಗ ತೂರಾಡುವರು. ಕೆಮ್ಮು ನಿಂತೊಡನೆ ಮದ್ದನ್ನು ನಿಲ್ಲಿಸಿ ಊರಿಗೆ ಹೋಗಿ ಮತ್ತೆ ರಕ್ತ ಕಾರುತ್ತ ಬರುವವರು ಲೆಕ್ಕವಿಲ್ಲದಷ್ಟು. ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಲು ಕಾರಣವಾದ ರಿಫಾಂಪಿಸಿನ್ ಆಗಲೇ ಇದ್ದರೂ ಅದು ಸಿರಿವಂತರ ಮದ್ದಾಗಿದ್ದಿತು.

ಅಲ್ಲಿ ನನಗೆ ಗುರುಗಳಾಗಿ ದೊರೆತ ಹಿರಿಯ ವೈದ್ಯರ ಒಂದು ಪಾಠವನ್ನು ಇಲ್ಲಿ ಹೇಳಲೇಬೇಕು. ರೋಗಿಯ ಹತ್ತಿರಕ್ಕೆ ಹೋದೊಡನೆ ಸ್ಟೆತಾಸ್ಕೋಪನ್ನು ಕಿವಿಗಿಟ್ಟುಕೊಳ್ಳುವವರನ್ನು ಅವರು ಸಹಿಸುತ್ತಿರಲಿಲ್ಲ. ಮೊದಲು ಮಂಚದ ಪಕ್ಕದಲ್ಲಿ ಕುಳಿತು, ನಾಡಿಯನ್ನು ನೋಡುವವರಂತೆ ರೋಗಿಯ ಕೈಯನ್ನು ಹಿಡಿದುಕೊಂಡು, ಅವನಿಗೆ ತಿಳಿಯದ ಹಾಗೆ ಎದೆಯ ಏರಿಳಿತಗಳನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ತನ್ನ ಉಸಿರನ್ನು ಎಣಿಸುತ್ತಿರುವರೆಂದು ತಿಳಿದವನು ಸಹಜವಾಗಿ ಉಸಿರಾಡಲಾರನು. ನಿಮಿಷದ ಕಾಲುಭಾಗವನ್ನು ಎಣಿಸಿ ನಾಲ್ಕರಿಂದ ಗುಣಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. ಆ ಒಂದು ನಿಮಿಷದಲ್ಲಿ ಕತ್ತಿನ ಸ್ನಾಯುಗಳು ಎಳೆಯುತ್ತಿವೆಯೇ, ಮೂಗಿನ ಹೊಳ್ಳೆಗಳು ಅರಳುತ್ತಿವೆಯೇ, ರೋಗಿಯು ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಬಲ್ಲನೇ ಅಥವಾ ಎರಡು ಪದಗಳಿಗೊಮ್ಮೆ ನಿಲ್ಲುವನೇ, ಹೊಟ್ಟೆಯೂ ಎದೆಯೂ ಒಟ್ಟಾಗಿ ಏಳುತ್ತಿವೆಯೇ ಅಥವಾ ಒಂದಕ್ಕೊಂದು ವಿರುದ್ಧವಾಗಿವೆಯೇ ಎಂಬುದೆಲ್ಲ ತಿಳಿದುಬರುವುದು. ಉಬ್ಬಸದವನ ದಣಿದ ದೇಹವು ಸೋಲನ್ನೊಪ್ಪುವುದಕ್ಕೆ ಮೊದಲು ಅವನ ಉಸಿರಿನ ಎಣಿಕೆಯು ಗಂಟೆಗಟ್ಟಲೆ ಮುಂಚಿತವಾಗಿಯೇ ಏರಿರುವುದು. ನೋಡುವವರಿದ್ದರೆ ಅದು ಕಾಣುವುದು, ಇಲ್ಲದಿದ್ದರೆ ಕಾಣದು. ಆಮೇಲೆ ನಾನು ಕಂಡ ಅನೇಕ ಆಸ್ಪತ್ರೆಗಳ ಕಾಗದಗಳಲ್ಲಿ, ಯಾವ ರೋಗಿಯಾದರೂ ಸರಿಯೆ, ಉಸಿರಿನ ಎಣಿಕೆಯ ಎದುರಿಗೆ ಇಪ್ಪತ್ತು ಎಂಬ ಅಂಕಿಯನ್ನೇ ಬರೆದಿರುವುದನ್ನು ನೋಡಿದಾಗಲೆಲ್ಲ ಯಾರೂ ಎಣಿಸಿಲ್ಲವೆಂಬುದು ನನಗೆ ತಿಳಿಯುತ್ತಿದ್ದಿತು.

ನಾನು ಅಲ್ಲಿಗೆ ಹೋಗುವ ವೇಳೆಗಾಗಲೇ ಸ್ಯಾನಿಟೋರಿಯಮ್ಮುಗಳ ಯುಗವು ಮುಗಿದಿದ್ದಿತು, ಮತ್ತು ಅದನ್ನು ಮುಗಿಸಿದ ಜ್ಞಾನವು ನಮ್ಮ ನೆರೆಹೊರೆಯಲ್ಲಿಯೇ ಹುಟ್ಟಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಒಂದು ಸಂಶೋಧನೆಯಲ್ಲಿ ಕ್ಷಯರೋಗಿಗಳ ಒಂದು ಗುಂಪನ್ನು ಸ್ಯಾನಿಟೋರಿಯಮ್ಮಿನಲ್ಲಿಟ್ಟು, ಇನ್ನೊಂದು ಗುಂಪನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಬಿಟ್ಟು, ಎರಡು ಗುಂಪುಗಳಿಗೂ ಅದೇ ಔಷಧಗಳನ್ನು ಕೊಟ್ಟು ನೋಡಲಾಯಿತು. ಹಾಲು ಮೊಟ್ಟೆಗಳಿಲ್ಲದ, ವಿಶ್ರಾಂತಿಯಿಲ್ಲದ ಮನೆಯ ರೋಗಿಗಳೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣಹೊಂದಿದರು. ಅವರೊಡನೆ ವಾಸಿಸಿದವರಿಗೆ ರೋಗವು ಹೆಚ್ಚಾಗಿ ಹರಡಲೂ ಇಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶವು ಜಗತ್ತಿನ ಕ್ಷಯಚಿಕಿತ್ಸೆಯ ದಾರಿಯನ್ನೇ ಬದಲಾಯಿಸಿತು. ಅದನ್ನು ಓದಿದ ದಿನ ನನಗೆ ನೆನಪಾದುದು ನಮ್ಮ ಅಡುಗೆಮನೆಯ ಗೂಡಿನಲ್ಲಿ ಬೇರೆಯಾಗಿದ್ದ ಲೋಟ.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆರಂಭವಾಯಿತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು, ನನ್ನ ಎಣಿಕೆಯಲ್ಲಿ, ಕನ್ನಡನಾಡಿನ ನೆಲದಲ್ಲಿ ನಡೆದ ವೈದ್ಯಕೀಯ ಶೋಧನೆಗಳಲ್ಲೆಲ್ಲ ಅತ್ಯಂತ ಮಹತ್ತ್ವದ್ದು. ಹಳ್ಳಿಯವರು ಅಜ್ಞಾನಿಗಳು, ರೋಗವನ್ನು ಮುಚ್ಚಿಡುವವರು, ಅವರನ್ನು ಹುಡುಕಿಕೊಂಡು ಹೋಗಬೇಕು ಎಂದು ಅಧಿಕಾರಿಗಳು ನಂಬಿದ್ದ ಕಾಲದಲ್ಲಿ ಆ ಅಧ್ಯಯನವು ತೋರಿಸಿದುದೇನೆಂದರೆ, ಕ್ಷಯಪೀಡಿತರಾದ ಹಳ್ಳಿಗರಲ್ಲಿ ಬಹುಮಂದಿಗೆ ತಮ್ಮ ಅಸ್ವಾಸ್ಥ್ಯದ ಅರಿವಿದ್ದಿತು. ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆಯನ್ನರಸಿ ಹೋಗಿದ್ದರು. ಹೋದಲ್ಲಿ ಕಫವನ್ನು ಪರೀಕ್ಷಿಸುವವರಿಲ್ಲದೆ ಕೆಮ್ಮಿನ ಔಷಧದ ಸೀಸೆಯನ್ನು ಹಿಡಿದುಕೊಂಡು ಹಿಂದಿರುಗಿದ್ದರು. ಜನರು ಆಸ್ಪತ್ರೆಯ ಬಾಗಿಲಿಗೆ ಬಂದಿದ್ದರು, ಒಳಗಿದ್ದವರು ನೋಡಿರಲಿಲ್ಲ. ಆ ದಿನಗಳಲ್ಲಿ ಬೆಂಗಳೂರಿನ ಆ ಸಂಸ್ಥೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಕೆಲಸ ಮಾಡುತ್ತಿದ್ದ ಹಾಲ್ಫ್‌ಡನ್ ಮಾಹ್ಲರರು ಮುಂದೆ ಆ ವಿಶ್ವ ಆರೋಗ್ಯ ಸಂಸ್ಥೆಗೇ ಮಹಾನಿರ್ದೇಶಕರಾಗಿ, 1978ರಲ್ಲಿ ಆಲ್ಮಾ ಆಟಾದಲ್ಲಿ ಎಲ್ಲರಿಗೂ ಆರೋಗ್ಯವೆಂಬ ಘೋಷಣೆಗೆ ಕಾರಣರಾದರು. ತುಮಕೂರಿನ ಹಳ್ಳಿಗರ ಸಾಕ್ಷ್ಯವು ಅದರಲ್ಲಿಯೂ ಸೇರಿದೆಯೆಂದು ನಂಬುವುದಕ್ಕೆ ನನಗೆ ಇಷ್ಟ.

ಎದೆರೋಗದ ವೈದ್ಯನಾಗಿ ಕೆಲಕಾಲ ಕಳೆದ ಮೇಲೆ ಒಂದು ಕೊರತೆಯು ನನ್ನನ್ನು ಬಾಧಿಸತೊಡಗಿತು. ದಿನಗಳು, ತಿಂಗಳುಗಳು ಕೈಯಲ್ಲಿರುವ ರೋಗಿಗೆ ನಾವು ಮಾಡಬಲ್ಲುದು ಬಹಳವಿದ್ದಿತು. ಗಂಟೆಗಳು ಮಾತ್ರ ಉಳಿದಿರುವವನಿಗೆ ಏನೂ ಇರಲಿಲ್ಲ. ಏದುಸಿರು ಬಿಡುತ್ತ, ತುಟಿಗಳು ನೀಲಿಗಟ್ಟಿ, ಕೂತಲ್ಲಿಯೇ ಮುಂದಕ್ಕೆ ಬಾಗಿ ಮಂಚದ ಅಂಚನ್ನು ಹಿಡಿದುಕೊಂಡಿರುವವನ ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರನ್ನಿಟ್ಟು, ಅಮಿನೊಫಿಲಿನ್ ಚುಚ್ಚಿ, ಬೆಳಗಾಗುವುದನ್ನು ಕಾಯುವುದೇ ನಮ್ಮ ಚಿಕಿತ್ಸೆಯಾಗಿದ್ದಿತು. ತೀವ್ರನಿಗಾ ಎಂಬ ಹೊಸ ವಿದ್ಯೆಯು ದೊಡ್ಡ ನಗರಗಳಲ್ಲಿ ತಲೆಯೆತ್ತುತ್ತಿದ್ದ 1980ರ ದಶಕದಲ್ಲಿ ಅದನ್ನು ಕಲಿಯುವುದಕ್ಕೆಂದು ನಾನು ವೆಲ್ಲೂರಿಗೆ ಹೋದೆನು. ಅಲ್ಲಿ ಮೊದಲ ಬಾರಿಗೆ ಬರ್ಡ್ ಯಂತ್ರಗಳನ್ನು ಕಂಡೆನು. ಪಾರದರ್ಶಕವಾದ ಹಸಿರು ಪೆಟ್ಟಿಗೆಗಳು, ವಿದ್ಯುತ್ತಿನ ಹಂಗಿಲ್ಲದೆ ಅನಿಲದ ಒತ್ತಡದಿಂದಲೇ ನಡೆಯುವಂಥವು, ಒಂದೊಂದು ಉಸಿರಿಗೂ ಟಕ್ಕೆಂದು ಸದ್ದು ಮಾಡುವಂಥವು. ಆ ಸದ್ದಿನ ಲಯವು ತಪ್ಪಿದರೆ ನಿದ್ದೆಗಣ್ಣಿನಲ್ಲಿದ್ದ ದಾದಿಯೂ ಎದ್ದು ನಿಲ್ಲುತ್ತಿದ್ದಳು.

ಈ ವಿದ್ಯೆಯ ಹುಟ್ಟಿನ ಕಥೆಯನ್ನು ನಮಗೆ ಅಲ್ಲಿ ಮೊದಲ ವಾರದಲ್ಲಿಯೇ ಹೇಳಿದರು. 1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಮಾರಿಯು ಹೊಕ್ಕಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿದ್ದುದು ಒಂದೇ ಒಂದು ಉಕ್ಕಿನ ಶ್ವಾಸಯಂತ್ರ, ಎದೆಗೆ ಕಟ್ಟುವ ಚಿಕ್ಕ ಯಂತ್ರಗಳು ಆರು. ಅವುಗಳ ಆಸರೆಯಲ್ಲಿ ಚಿಕಿತ್ಸೆ ಪಡೆದ ಮೊದಲ 31 ಮಂದಿಯಲ್ಲಿ 27 ಮಂದಿ ಮೃತರಾದರು. ಆಗ ಅಲ್ಲಿಯ ಮುಖ್ಯ ವೈದ್ಯ ಲಾಸೆನ್ನರು ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ತಜ್ಞನನ್ನು ಕರೆಸಿದರು. ಆಗಸ್ಟ್ 27ರಂದು ಇಬ್ಸನ್ನನು ಸಾವಿನಂಚಿನಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ಅದರೊಳಕ್ಕೆ ಕೊಳವೆಯನ್ನಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಚುಕಿ ಗಾಳಿಯನ್ನು ಊಡಿದನು; ಹುಡುಗಿಯು ಬದುಕಿದಳು. ಆಮೇಲೆ ನಡೆದುದು ವೈದ್ಯಕೀಯ ಚರಿತ್ರೆಯಲ್ಲಿ ಎಲ್ಲಿಯೂ ನಡೆಯದಿದ್ದುದು. ಏಕಕಾಲಕ್ಕೆ ಹತ್ತಾರು ಮಂದಿಗೆ ಹೀಗೆ ಉಸಿರೂಡಬೇಕಾಗಿ ಬಂದು, ಯಂತ್ರಗಳಿಲ್ಲದ ಕಾರಣ, ವೈದ್ಯವಿದ್ಯಾರ್ಥಿಗಳನ್ನು ಕರೆತಂದರು. ಸುಮಾರು 1500 ಮಂದಿ ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲಿರುಳು, ತಿಂಗಳುಗಳ ಕಾಲ, ಅಪರಿಚಿತರಾದ ಮಕ್ಕಳ ಮತ್ತು ತರುಣರ ಪಕ್ಕದಲ್ಲಿ ಕುಳಿತು ತಮ್ಮ ಕೈಗಳಿಂದ ಅವರಿಗೆ ಉಸಿರನ್ನು ಕೊಟ್ಟರು. ಮುಂದಿನ ವರ್ಷ ಇಬ್ಸನ್ನನು ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಒಂದು ವಾರ್ಡನ್ನು ತೆರೆದನು. ಲೋಕದ ತೀವ್ರನಿಗಾ ಘಟಕಗಳಿಗೆಲ್ಲ ಮೂಲವು ಅದೇ. ಯಂತ್ರಗಳು ತರುವಾಯ ಬಂದವು. ಮೊದಲು ಬಂದುದು ಕೈಗಳು.

ಆ ಕಥೆಯನ್ನು ನಾನು ಕಣ್ಣಾರೆ ಕಂಡುದು ಬಯಲುಸೀಮೆಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ. ನಮ್ಮ ನಾಡಿನ ತೀವ್ರನಿಗಾ ವೈದ್ಯನಿಗೆ ಪಾಠ ಕಲಿಸಿದ ರೋಗವು ಪೋಲಿಯೋ ಅಲ್ಲ, ಕೀಟನಾಶಕ. ಮಳೆ ತಪ್ಪಿದ ವರ್ಷ, ಬೆಲೆ ಕುಸಿದ ವರ್ಷ, ಸಾಲಗಾರನು ಬಾಗಿಲಿಗೆ ಬಂದ ದಿನ, ಹೊಲಕ್ಕೆಂದು ತಂದಿಟ್ಟ ಆರ್ಗನೋಫಾಸ್ಫೇಟ್ ವಿಷವನ್ನು ಕುಡಿದವರು ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಲಾರಿಯಲ್ಲಿ ಬರುತ್ತಿದ್ದರು. ವಾರ್ಡಿನ ಬಾಗಿಲಲ್ಲಿಯೇ ಆ ವಿಷದ ವಾಸನೆಯು ಮೂಗಿಗೆ ಹೊಡೆಯುತ್ತಿದ್ದಿತು. ಕಣ್ಣು ಮೂಗು ಬಾಯಿಗಳಿಂದ ನೀರು ಹರಿಯುವುದು, ಕಣ್ಣಿನ ಪಾಪೆಯು ಸೂಜಿಯ ಮೊನೆಯಷ್ಟಾಗುವುದು, ಶ್ವಾಸನಾಳಗಳು ದ್ರವದಿಂದ ತುಂಬುವುದು. ಅಟ್ರೊಪಿನ್ ಕೊಟ್ಟು ಎದೆಯು ಒಣಗುವವರೆಗೆ ಹೋರಾಡಿದರೆ ಆ ಮೊದಲ ಗಂಡಾಂತರವು ಕಳೆಯುವುದು. ಕಷ್ಟವಿರುವುದು ಅನಂತರ. ಎರಡನೆಯ ದಿನವೋ ಮೂರನೆಯ ದಿನವೋ, ರೋಗಿಯು ಎಚ್ಚೆತ್ತು ಗಂಜಿ ಕುಡಿಯುತ್ತಿರುವಾಗ, ಮನೆಯವರು ಇನ್ನು ಊರಿಗೆ ಹೋಗಬಹುದೆಂದು ಗಂಟುಮೂಟೆ ಕಟ್ಟುತ್ತಿರುವಾಗ, ಅವನ ಸ್ನಾಯುಗಳು ಸದ್ದಿಲ್ಲದೆ ಸೋಲಲಾರಂಭಿಸುವುವು. 1987ರಲ್ಲಿ ಶ್ರೀಲಂಕೆಯ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯೆದ್ದೆಯವರು ಈ ನಡುವಣ ಅವಸ್ಥೆಯನ್ನು ಸ್ಪಷ್ಟವಾಗಿ ವರ್ಣಿಸಿದರು. ಮೊದಲು ದುರ್ಬಲವಾಗುವುದು ಕತ್ತು. ಆದಕಾರಣ ನಾವು ಬೆಳಿಗ್ಗೆ ಸಂಜೆ ಪ್ರತಿಯೊಬ್ಬನ ಮಂಚದ ಬಳಿಯಲ್ಲಿಯೂ ನಿಂತು, ‘ದಿಂಬಿನಿಂದ ತಲೆ ಎತ್ತಪ್ಪ’ ಎಂದು ಕೇಳುತ್ತಿದ್ದೆವು. ಎತ್ತಲಾರದವನು ಕೆಲವೇ ಗಂಟೆಗಳಲ್ಲಿ ಉಸಿರನ್ನೂ ಎಳೆದುಕೊಳ್ಳಲಾರನು. ಕೇಳುವವರಿಲ್ಲದ ವಾರ್ಡಿನಲ್ಲಿ ಅವನು ರಾತ್ರಿ ಮಲಗಿದ್ದವನು ಬೆಳಿಗ್ಗೆ ಏಳುವುದಿಲ್ಲ.

ಆ ಆಸ್ಪತ್ರೆಯಲ್ಲಿ ಶ್ವಾಸಯಂತ್ರವು ಒಂದೇ ಇದ್ದು ಅದರಲ್ಲಿ ಬೇರೊಬ್ಬ ರೋಗಿಯಿದ್ದ ರಾತ್ರಿ, ಒಬ್ಬ ತರುಣ ರೈತನ ಕತ್ತು ಸೋತಿತು. ಕೊಳವೆಯನ್ನಿಳಿಸಿದೆವು, ಆಂಬೂ ಚೀಲವನ್ನು ಜೋಡಿಸಿದೆವು. ಈ ಚೀಲವೂ 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿಯೇ ರೂಪಗೊಂಡುದು. ಅದನ್ನು ಹಿಚುಕುವವರು ಯಾರು? ಅವನ ಅಣ್ಣನೂ ಭಾವಮೈದುನನೂ ಊರಿನ ಇಬ್ಬರು ಗೆಳೆಯರೂ ಮುಂದೆ ಬಂದರು. ಪಾಳಿಯ ದಾದಿಯು ಆ ನಾಲ್ವರನ್ನು ಮಂಚದ ಸುತ್ತ ನಿಲ್ಲಿಸಿ, ತನ್ನ ಕೈಯನ್ನು ಅವರ ಕೈಯ ಮೇಲಿಟ್ಟು, ಎಷ್ಟು ಹಿಚುಕಬೇಕು, ಎಷ್ಟು ಹೊತ್ತು ಬಿಡಬೇಕು, ಎದೆಯು ಎಷ್ಟು ಏಳಬೇಕು ಎಂಬುದನ್ನು ಕಲಿಸಿದಳು. ಚೀಲವನ್ನು ಹಿಡಿದವನು ತಾನು ಉಸಿರು ಬಿಡುವಾಗ ರೋಗಿಗೂ ಬಿಡಿಸಬೇಕೆಂದಳು. ಕುಂಟೆ ಹಿಡಿದು ಜಡ್ಡುಗಟ್ಟಿದ ಆ ಕೈಗಳು ಆ ರಾತ್ರಿಯಿಡೀ, ಮರುದಿನ ಯಂತ್ರವು ತೆರವಾಗುವವರೆಗೂ, ಒಂದು ಉಸಿರನ್ನೂ ತಪ್ಪಿಸಲಿಲ್ಲ. ಆ ತರುಣನು ಅಷ್ಟು ಹೊತ್ತೂ ಎಚ್ಚರವಾಗಿದ್ದನು. ರೆಪ್ಪೆಯನ್ನೆತ್ತಲಾರದೆ, ಬೆರಳನ್ನಾಡಿಸಲಾರದೆ ಇದ್ದವನು ನಮ್ಮ ಮಾತುಗಳನ್ನೆಲ್ಲ ಕೇಳುತ್ತಿದ್ದನು. ಇದನ್ನು ಬಲ್ಲ ಆ ದಾದಿಯು ಗಂಟೆಗೊಮ್ಮೆ ಅವನ ಕಿವಿಯ ಬಳಿ ಬಾಗಿ ಈಗ ಗಂಟೆಯೆಷ್ಟು, ಯಾರು ಚೀಲವನ್ನು ಹಿಡಿದಿರುವರು, ಮನೆಯಲ್ಲಿ ಎಲ್ಲರೂ ಕ್ಷೇಮವಾಗಿರುವರು ಎಂದು ಹೇಳುತ್ತಿದ್ದಳು. ವಾರಗಳ ತರುವಾಯ ಅವನು ನಡೆದುಕೊಂಡು ಮನೆಗೆ ಹೋಗುವಾಗ ನನಗೆ ಕೈಮುಗಿದನು. ಆ ದಾದಿಯ ಪಾದವನ್ನು ಮುಟ್ಟಿದನು. ಅವನು ಮಾಡಿದ ಆ ವಿವೇಚನೆಯು ಸರಿಯಾದುದೆಂದು ಅಂದೂ ತಿಳಿದಿದ್ದೆನು, ಇಂದೂ ತಿಳಿದಿರುವೆನು.

ಕಟ್ಟುಹಾವಿನ ಕಡಿತವೂ ಇಂಥದೇ. ನೆಲದ ಮೇಲೆ ಮಲಗಿದ್ದವರನ್ನು ನಿದ್ರೆಯಲ್ಲಿಯೇ ಕಡಿಯುವ ಈ ಹಾವು ಕಚ್ಚಿದೆಡೆಯಲ್ಲಿ ನೋವನ್ನಾಗಲಿ ಬಾವನ್ನಾಗಲಿ ಹೆಚ್ಚಾಗಿ ಉಂಟುಮಾಡುವುದಿಲ್ಲವಾದುದರಿಂದ, ರೆಪ್ಪೆ ಇಳಿದು, ಮಾತು ತೊದಲಿ, ಕಡೆಗೆ ಪಾಪೆಗಳೂ ಬೆಳಕಿಗೆ ಸ್ಪಂದಿಸದೆ ನಿಂತವನನ್ನು ಸತ್ತನೆಂದು ಭಾವಿಸುವವರುಂಟು. ಉಸಿರನ್ನು ಊಡುತ್ತ ಕಾದರೆ ಅಂಥವನು ದಿನಗಳೊಳಗೆ ಎದ್ದು ಕೂರುವನು.

ಯಂತ್ರದಿಂದ ಅಪಾಯವೂ ಉಂಟೆಂಬುದನ್ನು ನಮ್ಮ ಶಾಸ್ತ್ರವು ನಿಧಾನವಾಗಿ ಕಲಿತುಕೊಂಡಿತು. ಡೆನ್ವರಿನ ಆಶ್‌ಬಾ ಮತ್ತು ಸಂಗಡಿಗರು 1967ರಲ್ಲಿ ಹನ್ನೆರಡು ರೋಗಿಗಳನ್ನು ವರ್ಣಿಸಿ ಗುರುತಿಸಿದ ಒಂದು ಅವಸ್ಥೆಯುಂಟು. ನ್ಯುಮೋನಿಯದಿಂದಲೋ, ನಂಜಿನಿಂದಲೋ, ಪೆಟ್ಟಿನಿಂದಲೋ ಎರಡು ಶ್ವಾಸಕೋಶಗಳೂ ಏಕಾಏಕಿ ನೀರುಗೂಡಿ ಗಡುಸಾಗುವ ಅವಸ್ಥೆ. ಇಟಲಿಯ ಗಟ್ಟಿನೋನಿಯವರು ಸಿ.ಟಿ. ಚಿತ್ರಗಳಿಂದ ತೋರಿಸಿದಂತೆ, ಅಂಥ ರೋಗಿಯಲ್ಲಿ ಗಾಳಿಯಾಡುವ ಭಾಗವು ಮಗುವಿನ ಶ್ವಾಸಕೋಶದಷ್ಟು ಮಾತ್ರವೇ ಉಳಿದಿರುವುದು. ಅದರೊಳಕ್ಕೆ ವಯಸ್ಕನ ಉಸಿರನ್ನು ತುಂಬಿದರೆ ಉಳಿದುದೂ ಹರಿದುಹೋಗುವುದು. 2000ದಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲವು ಪ್ರಕಟವಾದಾಗ, ದೇಹದ ಕಿಲೋಗ್ರಾಮಿಗೆ 12 ಮಿಲಿಲೀಟರಿನ ಬದಲು 6 ಮಿಲಿಲೀಟರು ಉಸಿರನ್ನು ಕೊಟ್ಟವರಲ್ಲಿ ಸಾವು ನೂರಕ್ಕೆ 39.8ರಿಂದ 31ಕ್ಕೆ ಇಳಿದುದು ಕಂಡುಬಂದಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಕೊಡುವುದನ್ನು ಕಡಮೆ ಮಾಡಿದುದಷ್ಟೆ. ಈ ಕಿಲೋಗ್ರಾಮುಗಳ ಲೆಕ್ಕವು ರೋಗಿಯ ನಿಜವಾದ ತೂಕದಿಂದಲ್ಲ, ಎತ್ತರದಿಂದ ನಿಶ್ಚಯವಾಗುವುದು. 165 ಸೆಂಟಿಮೀಟರು ಎತ್ತರದ ಗಂಡಸಿಗೆ ಸುಮಾರು 370 ಮಿಲಿಲೀಟರು. ಆದುದರಿಂದ ಯಂತ್ರಕ್ಕೆ ಜೋಡಿಸುವ ಮೊದಲು ಮಲಗಿರುವವನನ್ನು ಅಂಗಾಲಿನಿಂದ ನೆತ್ತಿಯವರೆಗೆ ಟೇಪಿನಿಂದ ಅಳೆಯಬೇಕು. ಇದನ್ನು ಅಳೆಯುವ ಕೈ, ಅಳೆದುದನ್ನು ಬರೆದಿಡುವ ಕೈ, ಗಂಟೆಗಂಟೆಗೂ ಯಂತ್ರದ ಒತ್ತಡವನ್ನು ಓದಿ ಎಚ್ಚರಿಸುವ ಕಣ್ಣು, ಇವು ದಾದಿಯವು.

ಉಳಿಸುವುದೇ ನಮ್ಮ ಕೆಲಸದ ಪೂರ್ಣರೂಪವಲ್ಲ. ಮರಳಿ ಬಾರದ ದಾರಿಯನ್ನು ಹಿಡಿದವನನ್ನು ಯಂತ್ರದ ಬಲದಿಂದ ತಡೆಹಿಡಿದಿರುವುದು ಕರುಣೆಯೇ ಎಂಬ ಪ್ರಶ್ನೆಯನ್ನು ನಾನು ಎಷ್ಟೋ ಮಂದಿ ಮಕ್ಕಳೊಡನೆ, ಎಷ್ಟೋ ಮಂದಿ ಹೆಂಡಂದಿರೊಡನೆ, ಘಟಕದ ಹೊರಗಿನ ಬೆಂಚಿನಲ್ಲಿ ಕುಳಿತು ಚರ್ಚಿಸಿರುವೆನು. ನಮ್ಮ ದೇಶದ ನ್ಯಾಯಾಲಯವು ಈ ಪ್ರಶ್ನೆಗೆ ಮುಖಾಮುಖಿಯಾದುದು ಅರುಣಾ ಶಾನಭಾಗ್ ಅವರ ಪ್ರಕರಣದಲ್ಲಿ. ಉತ್ತರ ಕನ್ನಡದ ಹಳದಿಪುರದವರಾದ ಆಕೆಯು ಸ್ವತಃ ಶುಶ್ರೂಷಕಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1973ರಲ್ಲಿ ಕ್ರೂರ ಹಲ್ಲೆಗೊಳಗಾಗಿ, 2015ರಲ್ಲಿ ನ್ಯುಮೋನಿಯದಿಂದ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನ ತೀರ್ಪಿನಲ್ಲಿ, ಅಷ್ಟು ದೀರ್ಘಕಾಲ ಮಲಗಿಯೇ ಇದ್ದ ಆಕೆಯ ಮೈಮೇಲೆ ಒಂದು ಹಾಸಿಗೆಹುಣ್ಣೂ ಆಗಿರಲಿಲ್ಲವೆಂಬುದನ್ನು ದಾಖಲಿಸಿ ಅಲ್ಲಿಯ ದಾದಿಯರನ್ನು ಪ್ರಶಂಸಿಸಿತು. ಹಾಸಿಗೆಹುಣ್ಣು ಎಷ್ಟು ಬೇಗ ಆಗುವುದೆಂಬುದನ್ನು ಬಲ್ಲ ನನಗೆ ಆ ತೀರ್ಪಿನ ಕಾನೂನಿನ ಭಾಗಕ್ಕಿಂತ ಈ ಮಾತೇ ಹೆಚ್ಚು ವಿಸ್ಮಯವನ್ನುಂಟುಮಾಡಿತು. ತರುವಾಯ 2018ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯವು ಘನತೆಯಿಂದ ಸಾಯುವುದನ್ನು ಹಕ್ಕೆಂದು ಮನ್ನಿಸಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಅದನ್ನು ಜಾರಿಗೆ ತರುವ ಆದೇಶವನ್ನು ಹೊರಡಿಸಿತು. ಇದು ವಿಳಂಬವಾಗಿಯಾದರೂ ಬಂದ ನ್ಯಾಯ.

2020 ಮತ್ತು 2021ರ ಕೋವಿಡ್ ದಿನಗಳನ್ನು ವಿಸ್ತರಿಸಿ ಬರೆಯಲಾರೆನು. ಓದುಗರಲ್ಲಿ ಆ ದಿನಗಳ ಗಾಯವಿಲ್ಲದವರು ಕಡಮೆ. ಒಂದು ಸಂಗತಿಯನ್ನು ಮಾತ್ರ ಹೇಳುವೆನು. ಆ ಕಾಲದಲ್ಲಿ ಬಹು ಜನರನ್ನು ಬದುಕಿಸಿದ ಉಪಾಯಗಳಲ್ಲೊಂದು, ರೋಗಿಯನ್ನು ಹೊಟ್ಟೆಯ ಮೇಲೆ ಬೋರಲಾಗಿ ದಿನಕ್ಕೆ 16 ಗಂಟೆ ಮಲಗಿಸುವುದು. ಕಠಿನಾವಸ್ಥೆಯ ರೋಗಿಗಳಲ್ಲಿ ಇದರಿಂದ ಸಾವು ಅರ್ಧಕ್ಕೆ ಇಳಿಯುವುದೆಂದು ಫ್ರಾನ್ಸಿನ ಗೆರಾನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದರು. ಇದಕ್ಕೆ ಖರ್ಚೆಂಬುದಿಲ್ಲ. ಆದರೆ ಕೊಳವೆಗಳನ್ನು ಹೊತ್ತ, ಪ್ರಜ್ಞೆಯಿಲ್ಲದ ದೇಹವನ್ನು ಒಂದು ಕೊಳವೆಯೂ ಕಳಚದಂತೆ ಮಗುಚಲು ನಾಲ್ಕೈದು ಮಂದಿ ತಿಳಿದವರು ಬೇಕು. ಒಬ್ಬರು ತಲೆಯ ಬಳಿ ನಿಂತು ಎಣಿಕೆ ಹೇಳಬೇಕು, ಉಳಿದವರ ಕೈಗಳು ಒಟ್ಟಿಗೆ ಏಳಬೇಕು. ನಾನು ಸಲಹೆಗಾರನಾಗಿ ಹೋಗಿದ್ದ ಒಂದು ಊರಿನ ಆಸ್ಪತ್ರೆಯಲ್ಲಿ ಹೊಸದಾಗಿ ಬಂದಿದ್ದ ಶ್ವಾಸಯಂತ್ರಗಳನ್ನು ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು. ಅವುಗಳನ್ನು ಬಿಚ್ಚಿ ನಡೆಸಬಲ್ಲವರಿಲ್ಲ. ಇಡೀ ರಾತ್ರಿಯ ಪಾಳಿಗೆ ಇದ್ದ ಇಬ್ಬರು ದಾದಿಯರು, ಮೈತುಂಬ ಪ್ಲಾಸ್ಟಿಕ್ಕಿನ ಕವಚವನ್ನು ತೊಟ್ಟು, ನೀರನ್ನೂ ಕುಡಿಯದೆ, ಒಂದು ಮಂಚದಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಉದ್ಘಾಟನೆಯ ಫಲಕದಲ್ಲಿ ಯಂತ್ರಗಳ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಆ ಇಬ್ಬರ ವಿಷಯ ಅದರಲ್ಲಿರಲಿಲ್ಲ. ಅವರಲ್ಲಿ ಒಬ್ಬಳು ಗುತ್ತಿಗೆಯ ಮೇಲೆ ಬಂದವಳು, ಸೋಂಕು ಇಳಿದ ಮೇಲೆ ಅವಳನ್ನು ಕೆಲಸದಿಂದ ಬಿಡಿಸಿದರೆಂದು ಕೇಳಿ ನನಗೆ ಆದ ದುಃಖವು ಇನ್ನೂ ಆರಿಲ್ಲ. ಶ್ವಾಸಯಂತ್ರದ ಆಸರೆಯಲ್ಲಿರುವ ಒಬ್ಬ ರೋಗಿಗೆ ಒಬ್ಬ ದಾದಿಯಿರಬೇಕೆಂಬುದು 1993ರಲ್ಲಿ ಹುಟ್ಟಿದ ನಮ್ಮ ದೇಶದ ತೀವ್ರನಿಗಾ ವೈದ್ಯಸಂಘವು ಲಿಖಿತವಾಗಿ ಶಿಫಾರಸು ಮಾಡಿರುವ ಪ್ರಮಾಣ. ಅದನ್ನು ಪಾಲಿಸುವ ಸರ್ಕಾರಿ ಘಟಕವನ್ನು ನಾನು ನನ್ನ ಓಡಾಟದಲ್ಲಿ ಕಂಡಿಲ್ಲ.

ವೃತ್ತಿಯಿಂದ ನಿವೃತ್ತನಾಗಿರುವ ನನ್ನ ಬಳಿಗೆ ಈಗಲೂ ಆಗಾಗ್ಗೆ ದಾನಿಗಳೂ, ಸೇವಾಸಂಘಗಳವರೂ, ಒಮ್ಮೊಮ್ಮೆ ಜನಪ್ರತಿನಿಧಿಗಳೂ ಬಂದು, ತಮ್ಮ ತಾಲ್ಲೂಕಿನ ಆಸ್ಪತ್ರೆಗೆ ಯಾವ ಶ್ವಾಸಯಂತ್ರವನ್ನು ಕೊಡಿಸಿದರೆ ಒಳ್ಳೆಯದೆಂದು ಕೇಳುವುದುಂಟು. ಅವರ ಔದಾರ್ಯವು ದೊಡ್ಡದು. ಅವರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಯಂತ್ರವನ್ನು ಕೊಳ್ಳುವ ಮೊದಲು ಒಂದು ರಾತ್ರಿ, ಹನ್ನೆರಡು ಗಂಟೆಯ ತರುವಾಯ, ಆ ಆಸ್ಪತ್ರೆಗೆ ಹೋಗಿ ಅಲ್ಲಿ ಎಷ್ಟು ಮಂದಿ ದಾದಿಯರು ಎಚ್ಚರವಾಗಿರುವರು, ಒಬ್ಬೊಬ್ಬರ ಪಾಲಿಗೆ ಎಷ್ಟು ಮಂದಿ ರೋಗಿಗಳಿರುವರು, ಅವರಿಗೆ ಕೊಡುವ ಸಂಬಳವೆಷ್ಟು, ಅವರ ಕೆಲಸವು ಕಾಯಂ ಆದುದೇ ಎಂಬುದನ್ನು ಕೇಳಿ ಬರೆದುಕೊಂಡು ಬನ್ನಿ, ಆಮೇಲೆ ನಿಮ್ಮ ಹಣವನ್ನು, ನಿಮ್ಮ ಮತವನ್ನು, ನಿಮ್ಮ ಧ್ವನಿಯನ್ನು ಮೊದಲು ಅವರ ನೇಮಕಕ್ಕೂ ಅವರ ತರಬೇತಿಗೂ ಬಳಸಿ.